‘ಸಂಪೂರ್ಣ ರಿಪೇರಿ’ ಎಂದು ಬರೆದ ಡಬ್ಬಿ: ಮ್ಯಾಸಿ 135 ಲಿಫ್ಟ್ ಸೀಲ್ ಕಿಟ್‌ನ ವಿಮರ್ಶೆ

ಮ್ಯಾಸಿ ಫರ್ಗ್ಯೂಸನ್ 135 ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟಿಗೆಂದು (ಸಲಕರಣೆಯನ್ನು ಆಯಿಲಿನ ಒತ್ತಡದಿಂದ ಎತ್ತುವ ಭಾಗ) ಮಾರುವ ಸೀಲ್ ಕಿಟ್ ಒಂದನ್ನು, ಅಂದರೆ ಸೋರಿಕೆ ತಡೆಯುವ ರಿಂಗು, ಗ್ಯಾಸ್ಕೆಟ್‌ಗಳ ಕಟ್ಟನ್ನು, ತರಿಸಿ, ಲಿಫ್ಟನ್ನು ಮನೆಯ ಶೆಡ್ಡಿನಲ್ಲೇ ಬಿಚ್ಚಿ ಕಟ್ಟಿ, ಆಮೇಲೆ ಸುಮಾರು 40 ಗಂಟೆ ಉಳುಮೆ ಮಾಡಿದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಿಟ್ ಮೂಲ ಕಂಪನಿಯದಲ್ಲ, ಹೊರಗಿನ ತಯಾರಕರದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಸಂಪೂರ್ಣ ಲಿಫ್ಟ್ ರಿಪೇರಿ’ ಎಂದಿತ್ತು. ಒಳಗಿದ್ದ ರಬ್ಬರು ನಿಜಕ್ಕೂ ಒಳ್ಳೆಯದು, ಎರಡು ರಿಂಗುಗಳ ಅಳತೆ ತಪ್ಪು, ‘ಸಂಪೂರ್ಣ’ ಎಂಬ ಮಾತು ಮಾತ್ರ ಒಪ್ಪತಕ್ಕದ್ದಲ್ಲ. ಇಷ್ಟನ್ನು ಮೊದಲೇ ಹೇಳಿ, ಈ ಮೂರಕ್ಕೂ ಕಾರಣವನ್ನು ಮುಂದೆ ವಿವರಿಸುತ್ತೇನೆ.

ನನ್ನ ಯಂತ್ರದ ತೊಂದರೆ ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆಲ್ಲ ಪರಿಚಿತವಾದದ್ದೇ. ಬೆಳಿಗ್ಗೆ ಆಯಿಲ್ ತಣ್ಣಗಿರುವಾಗ ಲಿಫ್ಟ್ ಸರಿಯಾಗಿಯೇ ಏಳುತ್ತಿತ್ತು. ಎರಡು ಗಂಟೆ ದುಡಿದು ಆಯಿಲ್ ಕಾದ ಮೇಲೆ ಎತ್ತಿ ಹಿಡಿದ ಕಲ್ಟಿವೇಟರ್ ನಿಂತಲ್ಲಿ ನಿಲ್ಲದೆ, ಬಿಕ್ಕಳಿಕೆ ಬಂದವರಂತೆ ಅರ್ಧ ಇಂಚು ಇಳಿದು ಮತ್ತೆ ಏಳುತ್ತಿತ್ತು. ಎಂಜಿನ್ ನಿಲ್ಲಿಸಿದರೆ ಬಿಸಿ ಆಯಿಲಿನಲ್ಲಿ ನಾಲ್ಕೇ ನಿಮಿಷಕ್ಕೆ ನೆಲ ಮುಟ್ಟುತ್ತಿತ್ತು. ಈ ಬಿಕ್ಕಳಿಕೆಯ ಅರ್ಥ ತಿಳಿಯಬೇಕಾದರೆ ಫರ್ಗ್ಯೂಸನ್ ಪಂಪಿನ ಸ್ವಭಾವ ಗೊತ್ತಿರಬೇಕು. ಟ್ರ್ಯಾಕ್ಟರಿನ ಹೊಟ್ಟೆಯೊಳಗೆ, ಗೇರ್ ಬಾಕ್ಸಿನ ಅದೇ ಆಯಿಲಿನಲ್ಲಿ ಮುಳುಗಿ ಕುಳಿತಿರುವ, ನಾಲ್ಕು ಪಿಸ್ಟನ್‌ಗಳ ಆ ಪಂಪು ಪಿಟಿಒ ಶಾಫ್ಟಿನಿಂದ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಸಲಕರಣೆಗೆ ಕೊಡುವ ದಂಡ) ತಿರುಗುತ್ತದೆ. ಬೇರೆ ಅನೇಕ ಟ್ರ್ಯಾಕ್ಟರುಗಳಲ್ಲಿ ಪಂಪು ಸದಾ ಆಯಿಲನ್ನು ತಳ್ಳುತ್ತಲೇ ಇರುತ್ತದೆ, ವಾಲ್ವು ಅದನ್ನು ಬೇಕಾದ ಕಡೆಗೆ ತಿರುಗಿಸುತ್ತದೆ, ಇಲ್ಲಿ ಹಾಗಲ್ಲ. ಇಲ್ಲಿ ಕಂಟ್ರೋಲ್ ವಾಲ್ವು ಪಂಪಿನ ಒಳಹರಿವಿನ ದಾರಿಯಲ್ಲೇ ಕೂತಿದೆ. ಲಿಫ್ಟ್ ಬೇಕಾದ ಎತ್ತರಕ್ಕೆ ಬಂದೊಡನೆ ಅದು ಪಂಪಿಗೆ ಆಯಿಲ್ ಸಿಗದಂತೆ ಮಾಡುತ್ತದೆ, ಪಂಪು ಬರಿದೇ ತಿರುಗುತ್ತದೆ, ಸಿಲಿಂಡರಿನಲ್ಲಿ ಸಿಕ್ಕಿಕೊಂಡ ಆಯಿಲಷ್ಟೇ ಭಾರವನ್ನು ಹೊತ್ತಿರುತ್ತದೆ. ಆ ಆಯಿಲ್ ಎಲ್ಲಾದರೂ ಸೋರಿದರೆ ಸಲಕರಣೆಯನ್ನು ಹೊತ್ತ ಲಿಫ್ಟಿನ ತೋಳು ಇಳಿಯುತ್ತದೆ, ಇಳಿದದ್ದನ್ನು ಲಿವರುಗಳ ಜೋಡಣೆ ವಾಲ್ವಿಗೆ ತಿಳಿಸುತ್ತದೆ, ವಾಲ್ವು ತೆರೆಯುತ್ತದೆ, ತೋಳು ಮತ್ತೆ ಏಳುತ್ತದೆ. ಅಂದರೆ ಬಿಕ್ಕಳಿಕೆ ಪಂಪು ಸತ್ತದ್ದರ ಲಕ್ಷಣವಲ್ಲ, ಎತ್ತುವ ಶಕ್ತಿ ಇದ್ದೂ ಹಿಡಿದಿಡುವ ಶಕ್ತಿ ಹೋಗಿರುವುದರ ಲಕ್ಷಣ.

ಕಿಟ್ ಕೊಳ್ಳುವ ಮೊದಲು ಎರಡು ಪರೀಕ್ಷೆಗಳನ್ನು ಮಾಡಿದೆ. ಇವನ್ನು ಮಾಡದೆ ಕಿಟ್ ಕೊಂಡವರು ಅದನ್ನು ಬೈಯುವುದರಲ್ಲಿ ಅರ್ಥವಿಲ್ಲ. ಮೊದಲನೆಯದು ಒತ್ತಡದ ಪರೀಕ್ಷೆ. ಟಾಪ್ ಕವರಿನ ಮೇಲಿರುವ ಟ್ರಾನ್ಸ್‌ಫರ್ ಕ್ಯಾಪಿನ ಪ್ಲಗ್ ತೆಗೆದು ಅಲ್ಲಿ 5,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ವರೆಗಿನ ಗೇಜ್ ಕೂರಿಸಿ, ಪೊಸಿಷನ್ ಲಿವರನ್ನು ಸತತ ಪಂಪಿಂಗ್ ಸ್ಥಾನಕ್ಕೆ ಸರಿಸಿದಾಗ, ಆಯಿಲ್ ಕಾದಿದ್ದರೂ ಮುಳ್ಳು 2,600ರ ಬಳಿ ನಿಂತಿತು. ಇಷ್ಟು ಬಂದರೆ ಪಂಪಿಗೆ ಕೈ ಹಾಕುವ ಅಗತ್ಯವಿಲ್ಲ. ಎರಡನೆಯದು ಕಣ್ಣಿನ ಪರೀಕ್ಷೆ. ಆಯಿಲನ್ನು ಬಲಗಡೆಯ ಸೈಡ್ ಕವರಿನ ಕಿಂಡಿಗಿಂತ ಕೆಳಗಿನ ಮಟ್ಟಕ್ಕೆ ಇಳಿಸಿ, ಭಾರವನ್ನು ಎತ್ತಿ, ಎಂಜಿನ್ ನಿಲ್ಲಿಸಿ, ಕವರ್ ತೆಗೆದು ಟಾರ್ಚ್ ಬಿಟ್ಟು ನೋಡುವುದು. ಆಯಿಲ್ ತಣ್ಣಗಿದ್ದಾಗ ಭಾರ ಇಳಿಯಲು ಕಾಲು ಗಂಟೆ ಹಿಡಿಯುತ್ತಿದ್ದರಿಂದ, ಬೋಲ್ಟುಗಳನ್ನು ಮೊದಲೇ ಸಡಿಲಿಸಿಟ್ಟು ಬೆಳಿಗ್ಗೆಯೇ ಈ ಕೆಲಸ ಮಾಡಿದೆ. ಸಿಲಿಂಡರಿನ ತೆರೆದ ಬಾಯಿಯಿಂದ ಆಯಿಲ್ ಎಳೆಯಾಗಿ ಸುರಿಯುತ್ತಿದ್ದುದೂ, ಪಂಪಿನಿಂದ ಮೇಲಕ್ಕೆ ಹೋಗುವ ಸ್ಟ್ಯಾಂಡ್ ಪೈಪಿನ ಬುಡದಲ್ಲಿ ಹನಿಹನಿಯಾಗಿ ಜಿನುಗುತ್ತಿದ್ದುದೂ ಸ್ಪಷ್ಟವಾಗಿ ಕಂಡಿತು. ಪಂಪಿನ ಮೈಯಿಂದ ಸೋರುತ್ತಿದ್ದರೆ ಈ ಕಿಟ್ ನನಗೆ ಏನೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಎತ್ತಿದ ಸಲಕರಣೆಯ ಅಡಿಗಾಗಲಿ ತೋಳುಗಳ ನಡುವೆಯಾಗಲಿ ಈ ಹೊತ್ತಿನಲ್ಲಿ ಯಾರೂ ಹೋಗಕೂಡದು, ಸೋರುವ ಜಾಗವನ್ನು ಬೆರಳಿನಿಂದ ತಡಕಲೂಕೂಡದು. ಆ ಒತ್ತಡದಲ್ಲಿ ಚಿಮ್ಮುವ ಆಯಿಲ್ ಸೂಜಿಯಂತೆ ಚರ್ಮದೊಳಗೆ ಹೊಕ್ಕುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಅದು ತಕ್ಷಣ ಶಸ್ತ್ರಚಿಕಿತ್ಸೆ ಬೇಡುವ ಗಾಯ.

ಈಗ ಕಿಟ್‌ನ ವಿಚಾರ. ಡಬ್ಬಿಯಲ್ಲಿ ಇದ್ದದ್ದು: ಪಿಸ್ಟನ್ನಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರಿನ ಬಳೆ) ಮತ್ತು ಅದರ ಬೆನ್ನಿಗೆ ಆಸರೆಯಾಗುವ ಟೆಫ್ಲಾನ್ ಬ್ಯಾಕಪ್ ರಿಂಗ್, ಸ್ಟ್ಯಾಂಡ್ ಪೈಪಿಗೆ ಎರಡು ಓ-ರಿಂಗ್, ಸಿಲಿಂಡರ್ ಮತ್ತು ಕವರಿನ ನಡುವಿನ ಸೀಲ್, ತೋಳುಗಳನ್ನು ತಿರುಗಿಸುವ ಲಿಫ್ಟ್ ಶಾಫ್ಟಿನ ಎರಡು ತುದಿಗಳ ಓ-ರಿಂಗ್, ಟಾಪ್ ಕವರ್ ಮತ್ತು ಸೈಡ್ ಕವರುಗಳ ಕಾಗದದ ಗ್ಯಾಸ್ಕೆಟ್‌ಗಳು, ಲಿವರ್ ಶಾಫ್ಟಿನ ಸಣ್ಣ ಸೀಲುಗಳು. ಪ್ರತಿಯೊಂದು ಜೋಡಿಯೂ ಬೇರೆ ಬೇರೆ ಪುಟ್ಟ ಚೀಲದಲ್ಲಿದ್ದು, ಚೀಲದ ಮೇಲೆ ರಬ್ಬರು ತಯಾರಾದ ತ್ರೈಮಾಸಿಕವನ್ನೂ ವರ್ಷವನ್ನೂ ಅಚ್ಚು ಹಾಕಿದ್ದರು. ಇದು ಸಣ್ಣ ಸಂಗತಿ ಎನಿಸಬಹುದು. ಆದರೆ ನೈಟ್ರೈಲ್ ರಬ್ಬರು ಬಳಸದೆ ಇಟ್ಟರೂ ಗಟ್ಟಿಯಾಗುತ್ತಾ ಹೋಗುವ ವಸ್ತು, ಆದ್ದರಿಂದ ತಯಾರಿಕೆಯ ಕಾಲವನ್ನು ಮುಚ್ಚಿಡದ ತಯಾರಕರ ಬಗ್ಗೆ ನನಗೆ ಮೊದಲ ನೋಟಕ್ಕೇ ಗೌರವ ಮೂಡಿತು. ಪಿಸ್ಟನ್ನಿನ ಓ-ರಿಂಗ್ 90 ಶೋರ್ ಗಡಸುತನದ್ದು ಎಂದು ಚೀಲದ ಮೇಲಿತ್ತು. ಹೆಚ್ಚಿನ ಕಡೆ ಸಿಗುವ ಸಾಮಾನ್ಯ ಓ-ರಿಂಗ್ 70ರದ್ದು, ಬೆರಳಿನಲ್ಲಿ ಹಿಸುಕಿದರೇ ವ್ಯತ್ಯಾಸ ತಿಳಿಯುತ್ತದೆ. ಪಿಸ್ಟನ್ನಿನ ವ್ಯಾಸ 75 ಮಿ.ಮೀ. ಮತ್ತು ಒತ್ತಡ 170 ಬಾರ್ (ಸುಮಾರು 2,465 ಪಿಎಸ್‌ಐ) ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಪಿಸ್ಟನ್ನಿನ ಮೇಲೆ ಏಳೂವರೆ ಟನ್ನಿಗೂ ಮೀರಿದ ಭಾರ ಬೀಳುತ್ತದೆ. ಅಂಥ ಕಡೆ ಮೆತ್ತನೆಯ ರಬ್ಬರು ಪಿಸ್ಟನ್ ಮತ್ತು ಸಿಲಿಂಡರಿನ ನಡುವಿನ ಸಂದಿಗೆ ಹಿಂಡಿಕೊಂಡು ಹೋಗಿ ಚೂರುಚೂರಾಗಿ ಕಿತ್ತುಬರುತ್ತದೆ. ನಾನು ತೆಗೆದ ಹಳೆಯ ರಿಂಗಿನ ಒಂದು ಅಂಚು ಇಲಿ ಕಚ್ಚಿದಂತೆ ಆಗಿದ್ದುದು ಇದರಿಂದಲೇ.

ಲಿಫ್ಟ್ ಬಿಚ್ಚುವ ಕೆಲಸವನ್ನು ವಿವರವಾಗಿ ಹೇಳುವುದಿಲ್ಲ; ಸೀಟು, ಲಿಫ್ಟ್ ರಾಡುಗಳು, ಟಾಪ್ ಲಿಂಕ್ (ಸಲಕರಣೆಯನ್ನು ಟ್ರ್ಯಾಕ್ಟರಿಗೆ ಸೇರಿಸುವ ಮೇಲಿನ ಕೊಂಡಿ) ಕಳಚಿ, ಕವರಿನ ಬೋಲ್ಟುಗಳನ್ನು ತೆಗೆದು, ಚೈನ್ ಬ್ಲಾಕಿನಲ್ಲಿ ನೇರವಾಗಿ ಮೇಲೆತ್ತಿದರಾಯಿತು. ಒಂದೇ ಎಚ್ಚರ: ಕವರ್ ಅಲುಗಾಡಿಸುವ ಮೊದಲು ಟ್ರಾನ್ಸ್‌ಫರ್ ಕ್ಯಾಪನ್ನು ತೆಗೆದು ಸ್ಟ್ಯಾಂಡ್ ಪೈಪನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಅದು ಕವರನ್ನೂ ಪಂಪನ್ನೂ ಹೊಲಿದಂತೆ ಹಿಡಿದಿರುತ್ತದೆ. ಮರೆತು ಕವರ್ ಎತ್ತಿದರೆ ಪೈಪು ಬಾಗುತ್ತದೆ. ಕಿಟ್‌ನ ಜೊತೆ ಬಂದ ಒಂದೇ ಹಾಳೆಯ ಸೂಚನಾಪತ್ರದಲ್ಲಿ ಈ ಮಾತೇ ಇರಲಿಲ್ಲ. ಸೂಚನಾಪತ್ರದ ಚಿತ್ರವೂ 135ರದ್ದಲ್ಲ, ಸೈಡ್ ಕವರಿನ ಆಕಾರ ನೋಡಿದರೆ ಬೇರೆ ಯಾವುದೋ ಮಾದರಿಯದು.

ಸಿಲಿಂಡರನ್ನು ಕವರಿನ ಅಡಿಯಿಂದ ಬಿಚ್ಚಿ ಪಿಸ್ಟನ್ ಹೊರತೆಗೆದ ಮೇಲೆ ಒಳಮೈಯನ್ನು ಒರೆಸಿ ಬೆಳಕಿಗೆ ಹಿಡಿದು ನೋಡಿದೆ. ಉದ್ದುದ್ದ ಗೀರುಗಳಿದ್ದವು, ಆದರೆ ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಆಳದವಲ್ಲ. ಉಗುರು ಸಿಕ್ಕಿಕೊಂಡಿದ್ದರೆ ಎಷ್ಟು ಒಳ್ಳೆಯ ಓ-ರಿಂಗ್ ಹಾಕಿದರೂ ಆಯಿಲ್ ಆ ಗೀರಿನ ದಾರಿ ಹಿಡಿದು ಹೋಗುತ್ತಿತ್ತು, ಸಿಲಿಂಡರನ್ನೇ ಬದಲಾಯಿಸಬೇಕಾಗುತ್ತಿತ್ತು. ನುಣುಪು ಕಲ್ಲಿನ ಹೋನಿನಿಂದ (ಒಳಮೈಯನ್ನು ಉಜ್ಜುವ ಉಪಕರಣ) ಆಯಿಲ್ ಹಚ್ಚಿ ಹದವಾಗಿ ಹತ್ತಾರು ಸಲ ಆಡಿಸಿ, ಆಮೇಲೆ ಡೀಸೆಲಿನಲ್ಲಿ ತೊಳೆದೆ. ತೊಳೆದ ನಂತರವೂ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬೂದು ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೆ ಬಿಡಲಿಲ್ಲ, ಏಕೆಂದರೆ ಹೋನಿನ ಪುಡಿ ಉಳಿದರೆ ಹೊಸ ರಿಂಗಿಗೆ ಅದೇ ಉಪ್ಪುಕಾಗದವಾಗುತ್ತದೆ.

ಬ್ಯಾಕಪ್ ರಿಂಗ್ ಕೂರಿಸುವುದರಲ್ಲಿ ಒಂದು ಗಂಟೆ ಹೋಯಿತು. ಕಿಟ್‌ನದು ಸೀಳಿಲ್ಲದ, ಇಡಿಯಾದ ಟೆಫ್ಲಾನ್ ಬಳೆ. ಅದನ್ನು ತಣ್ಣಗೆ ಎಳೆದರೆ ಹಿಗ್ಗುವುದಿಲ್ಲ. ಕುದಿಯುವ ನೀರಿನಲ್ಲಿ ಐದು ನಿಮಿಷ ಬಿಟ್ಟು, ಕೈಗವಸು ಹಾಕಿಕೊಂಡು ಪಿಸ್ಟನ್ನಿನ ಮೇಲೆ ಜಾರಿಸಿ, ಅದು ತಣಿಯುವ ಮೊದಲೇ ತಗಡಿನ ಪಟ್ಟಿಯಿಂದ ಸುತ್ತಲೂ ಬಿಗಿದು ಮತ್ತೆ ತನ್ನ ಅಳತೆಗೆ ತರಬೇಕು. ಹಳೆಯ ಯಂತ್ರಗಳಲ್ಲಿ ಈ ಜಾಗದಲ್ಲಿ ಚರ್ಮದ ರಿಂಗ್ ಇರುತ್ತಿದ್ದುದೂ ಉಂಟು, ಇನ್ನೂ ಹಿಂದಿನ ಪುಟ್ಟ ಫರ್ಗ್ಯೂಸನ್ ಟಿಇ20 ಟ್ರ್ಯಾಕ್ಟರಿನಲ್ಲಂತೂ ಎಂಜಿನ್ನಿನಂತೆ ಎರಕದ ಕಬ್ಬಿಣದ ರಿಂಗುಗಳೇ ಇದ್ದವು. ಅವುಗಳ ಮುಂದೆ ಟೆಫ್ಲಾನ್ ಎಷ್ಟೋ ಮೇಲು. ಬ್ಯಾಕಪ್ ರಿಂಗ್ ಓ-ರಿಂಗಿನ ಯಾವ ಬದಿಗೆ ಇರಬೇಕು ಎಂಬುದೇ ಇಲ್ಲಿ ಮುಖ್ಯ. ಈ ಸಿಲಿಂಡರ್ ಒಂದೇ ದಿಕ್ಕಿನಲ್ಲಿ ತಳ್ಳುವಂಥದ್ದು. ಆಯಿಲ್ ಒತ್ತುವ ಕಡೆಗೆ ಓ-ರಿಂಗ್, ಅದರ ಬೆನ್ನಿಗೆ, ಅಂದರೆ ರಾಡ್ ಇರುವ ಕಡೆಗೆ ಬ್ಯಾಕಪ್ ರಿಂಗ್. ತಿರುವುಮುರುವು ಮಾಡಿದರೆ ಮೊದಲ ದಿನ ಲಿಫ್ಟ್ ಚೆನ್ನಾಗಿಯೇ ಎದ್ದು, ಕೆಲವೇ ವಾರಗಳಲ್ಲಿ ಮತ್ತೆ ಬಿಕ್ಕಳಿಸತೊಡಗುತ್ತದೆ. ಸೂಚನಾಪತ್ರ ಇಲ್ಲಿಯೂ ಬಾಯಿ ಬಿಟ್ಟಿಲ್ಲ. ರಬ್ಬರಿಗೆ ಇಷ್ಟು ಶ್ರದ್ಧೆ ತೋರಿದವರು ಕಾಗದಕ್ಕೆ ಏಕೆ ತೋರಲಿಲ್ಲ ಎಂಬುದು ನನಗೆ ಅರ್ಥವಾಗಿಲ್ಲ.

ತಪ್ಪು ಸಿಕ್ಕಿದ್ದು ಸ್ಟ್ಯಾಂಡ್ ಪೈಪಿನ ರಿಂಗುಗಳಲ್ಲಿ. ಹೊಸದನ್ನು ಹಳೆಯದರ ಪಕ್ಕಕ್ಕೆ ಇಟ್ಟಾಗ ಹೊಸದು ಕೊಂಚ ತೆಳ್ಳಗೆ ಕಂಡಿತು. ಹಳೆಯದು ಚಪ್ಪಟೆಯಾಗಿದ್ದರಿಂದ ಕಣ್ಣನ್ನು ನಂಬದೆ ವರ್ನಿಯರ್ ಹಿಡಿದೆ. ಕಿಟ್‌ನ ರಿಂಗಿನ ದಪ್ಪ 3.0 ಮಿ.ಮೀ. ಈ ಟ್ರ್ಯಾಕ್ಟರ್ ಇಂಚಿನ ಕಾಲದ್ದು. 1964ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರದಲ್ಲಿ ಓ-ರಿಂಗ್ ಕೂರುವ ಕಾಲುವೆಗಳೂ ಇಂಚಿನ ಅಳತೆಯವೇ. ಇಂಚಿನ ಓ-ರಿಂಗುಗಳಲ್ಲಿ 1/8 ಇಂಚಿನದು ಎಂದು ಕರೆಯುವ ರಿಂಗಿನ ನಿಜವಾದ ದಪ್ಪ 3.53 ಮಿ.ಮೀ. ನನ್ನ ಪೈಪಿನ ಕಾಲುವೆಯಲ್ಲಿ ರಿಂಗಿಗೆ ಸಿಗುವ ಜಾಗ 2.85 ಮಿ.ಮೀ. ಆಸುಪಾಸಿನಲ್ಲಿತ್ತು. 3.53ರ ರಿಂಗ್ ಅಲ್ಲಿ ಕೂತರೆ ಶೇಕಡ 19ರಷ್ಟು ಅದುಮಿಕೊಳ್ಳುತ್ತದೆ, ಅಲುಗಾಡದ ಜಾಗದ ಸೀಲಿಗೆ ಅದು ಸರಿಯಾದ ಹಿಡಿತ. 3.0ರ ರಿಂಗ್ ಅದುಮಿಕೊಳ್ಳುವುದು ಶೇಕಡ 5 ಮಾತ್ರ. ಅಷ್ಟರಲ್ಲಿ ಅದು ಹೊಸತಾಗಿರುವಾಗ ಹಿಡಿದೀತು, ಕಾದು ತಣಿದು ಕೊಂಚ ಚಪ್ಪಟೆಯಾದ ಕೂಡಲೇ ಸೋರತೊಡಗುತ್ತದೆ. ಇಂಥ ತಪ್ಪಿನ ಕೆಟ್ಟ ಗುಣವೆಂದರೆ ಅದು ಜೋಡಿಸುವಾಗ ಗೊತ್ತೇ ಆಗುವುದಿಲ್ಲ. ತೆಳ್ಳಗಿನ ರಿಂಗ್ ಸಲೀಸಾಗಿ ಒಳಗೆ ಹೋಗುವುದರಿಂದ ಕೆಲಸ ಚೆನ್ನಾಗಿ ಸಾಗುತ್ತಿದೆ ಎಂದೇ ಅನಿಸುತ್ತದೆ. ನಾನು ಸರಿಯಾದ ದಪ್ಪದ, 90 ಶೋರ್‌ನ ಎರಡು ರಿಂಗುಗಳನ್ನು ಬೇರೆಯಾಗಿ ತಂದು ಹಾಕಿದೆ. ಉಳಿದ ರಿಂಗುಗಳನ್ನೂ ಒಂದೊಂದಾಗಿ ಅಳೆದೆ, ಅವೆಲ್ಲ ಸರಿಯಾಗಿದ್ದವು. ತಯಾರಕರಿಗೆ ಅಳತೆಯ ಸಮೇತ ಬರೆದಾಗ ಒಂಬತ್ತು ದಿನದ ಮೇಲೆ ಸರಿಯಾದ ಜೋಡಿ ಬಂತು, ಜೊತೆಗೆ ವಿವರಣೆಯ ಒಂದು ಸಾಲೂ ಇರಲಿಲ್ಲ.

ಇನ್ನು ‘ಸಂಪೂರ್ಣ’ ಎಂಬ ಮಾತಿನ ವಿಚಾರ. ಲಿಫ್ಟ್ ಶಾಫ್ಟಿನ ತುದಿಗಳಲ್ಲಿ ಆಯಿಲ್ ಜಿನುಗಿ ಧೂಳು ಮೆತ್ತಿಕೊಂಡಿದ್ದನ್ನು ಬಹಳ ಟ್ರ್ಯಾಕ್ಟರುಗಳಲ್ಲಿ ನೋಡಬಹುದು. ಅಲ್ಲಿಗೆ ಹೊಸ ಓ-ರಿಂಗನ್ನು ಕಿಟ್ ಕೊಡುತ್ತದೆ. ಆದರೆ ಓ-ರಿಂಗ್ ಹಾಳಾಗುವುದು ಅಲ್ಲಿ ಎರಡನೆಯ ರೋಗ. ಮೊದಲನೆಯದು ಶಾಫ್ಟ್ ತಿರುಗುವ ಬುಷ್ ಸವೆಯುವುದು. ನನ್ನದರಲ್ಲಿ ಎಡಬದಿಯ ಬುಷ್ 0.6 ಮಿ.ಮೀ. ಸವೆದಿತ್ತು, ಎತ್ತಿದ ತೋಳನ್ನು ಕೈಯಿಂದ ಅಲ್ಲಾಡಿಸಿದರೇ ಶಾಫ್ಟ್ ಕುಣಿಯುತ್ತಿತ್ತು. ಕುಣಿಯುವ ಶಾಫ್ಟಿನ ಸುತ್ತ ಎಂಥ ರಬ್ಬರೂ ನಿಲ್ಲುವುದಿಲ್ಲ. ಬುಷ್‌ಗಳು ಕಿಟ್‌ನಲ್ಲಿಲ್ಲ, ಅವನ್ನು ಪ್ರತ್ಯೇಕವಾಗಿ ಕೊಳ್ಳಬೇಕೆಂಬ ಸೂಚನೆಯೂ ಡಬ್ಬಿಯ ಮೇಲಿಲ್ಲ. ಕವರ್ ಬಿಚ್ಚಿಟ್ಟು, ಟ್ರ್ಯಾಕ್ಟರಿನ ಹೊಟ್ಟೆಗೆ ಟಾರ್ಪಾಲು ಮುಚ್ಚಿ, ಬುಷ್‌ಗಾಗಿ ಕಾಯುತ್ತಾ ನಾಲ್ಕು ದಿನ ಕೂತಿದ್ದು ಈ ಒಂದು ಮಾತಿನಿಂದ. ಶಾಫ್ಟ್ ಹೊರತೆಗೆಯುವವರು ತೋಳು, ಶಾಫ್ಟ್ ಮತ್ತು ಪಿಸ್ಟನ್ ತಳ್ಳುವ ಒಳಗಿನ ರ್ಯಾಮ್ ಆರ್ಮ್ ಮೂರಕ್ಕೂ ಪಂಚಿನಿಂದ ಗುರುತು ಹಾಕಿಕೊಳ್ಳಲಿ; ಒಂದು ಹಲ್ಲು ಹಿಂದೆಮುಂದಾದರೂ ಎರಡು ತೋಳುಗಳು ಬೇರೆಬೇರೆ ಎತ್ತರದಲ್ಲಿ ನಿಲ್ಲುತ್ತವೆ.

ಗ್ಯಾಸ್ಕೆಟ್‌ಗಳು ದಪ್ಪವಾಗಿಯೂ ತೂತುಗಳ ಅಳತೆಯಲ್ಲಿ ಕರಾರುವಾಕ್ಕಾಗಿಯೂ ಇದ್ದವು. ಆದರೆ ಅವುಗಳ ಎರಡೂ ಬದಿಗೆ ಸಿಲಿಕೋನ್ ಧಾರಾಳವಾಗಿ ಹಚ್ಚಬೇಕೆಂದು ಸೂಚನಾಪತ್ರ ಹೇಳುತ್ತದೆ, ಇದನ್ನು ದಯವಿಟ್ಟು ಪಾಲಿಸಬೇಡಿ. ಬೋಲ್ಟು ಬಿಗಿದಾಗ ಒಳಗಡೆಗೆ ಹಿಂಡಿಬಂದ ಸಿಲಿಕೋನ್ ಒಣಗಿ, ಹುಳುವಿನಂತೆ ಕಳಚಿ ಆಯಿಲಿಗೆ ಬೀಳುತ್ತದೆ. ಪಂಪು ಅದೇ ಆಯಿಲಿನ ತಳದಲ್ಲಿ ಕೂತು ಹೀರುತ್ತಿರುವುದರಿಂದ ಅದು ಹೋಗಿ ಸೇರುವುದು ಪಂಪಿನ ಜಾಲರಿಯನ್ನೇ. ಮೇಲ್ಮೈಗಳನ್ನು ಚೆನ್ನಾಗಿ ಕೆರೆದು ಒರೆಸಿ, ಗ್ಯಾಸ್ಕೆಟ್‌ಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿದೆ. ಇಂದಿನವರೆಗೆ ಒಂದು ಹನಿ ಸೋರಿಲ್ಲ.

ಕವರನ್ನು ಮತ್ತೆ ಇಳಿಸುವಾಗ ಒಳಗಿನ ಲಿವರುಗಳು ಪಂಪಿನ ಕಂಟ್ರೋಲ್ ತೋಳಿನ ರೋಲರಿನ ಸರಿಯಾದ ಬದಿಗೆ ಬಂದು ಕೂರಬೇಕು. ಕವರ್ ಇಳಿದ ಮೇಲೆ ಅದು ಕಾಣುವುದು ಸೈಡ್ ಕವರಿನ ಕಿಂಡಿಯಿಂದ ಮಾತ್ರ, ಆದ್ದರಿಂದ ಚೈನ್ ಬ್ಲಾಕ್ ಇಳಿಸಲು ಒಬ್ಬರು, ಕಿಂಡಿಯಲ್ಲಿ ಕೈ ಹಾಕಿ ಲಿವರುಗಳನ್ನು ದಾರಿಗೆ ತರಲು ಒಬ್ಬರು ಬೇಕೇ ಬೇಕು. ಮೊದಲ ಸಲ ನಾವು ತಪ್ಪಿದೆವು. ಕವರ್ ಸರಿಯಾಗಿ ಕೂತಿತು, ಬೋಲ್ಟು ಬಿಗಿದಾಯಿತು, ಎಂಜಿನ್ ಚಾಲು ಮಾಡಿದರೆ ಲಿವರ್ ಎಲ್ಲಿಟ್ಟರೂ ಲಿಫ್ಟ್ ಏಳಲೇ ಇಲ್ಲ. ಹೊಸ ಸೀಲುಗಳೇ ಕೈಕೊಟ್ಟವೋ ಎಂಬ ಗಾಬರಿ ಆ ಕ್ಷಣದಲ್ಲಿ ಆಯಿತು. ಕಿಂಡಿ ತೆರೆದು ನೋಡಿದರೆ ಲಿವರ್ ರೋಲರಿನ ಆಚೆ ಬದಿಗೆ ಹೋಗಿ ನಿಂತಿತ್ತು. ಇದು ಕಿಟ್‌ನ ತಪ್ಪಲ್ಲ, ನಮ್ಮದೇ.

ಟಾಪ್ ಲಿಂಕ್ ಸೇರುವ ಜಾಗದ ಹಿಂದಿನ ದೊಡ್ಡ ಸ್ಪ್ರಿಂಗನ್ನೂ ಇದೇ ಹೊತ್ತಿನಲ್ಲಿ ಸರಿಪಡಿಸಿದೆ. ಹ್ಯಾರಿ ಫರ್ಗ್ಯೂಸನ್ 1920ರ ದಶಕದಲ್ಲಿ ಪೇಟೆಂಟ್ ಪಡೆದ ಡ್ರಾಫ್ಟ್ ಕಂಟ್ರೋಲಿನ ಜೀವ ಇರುವುದು ಇಂಥ ಜೋಡಣೆಯಲ್ಲಿ: ನೇಗಿಲಿಗೆ ಮಣ್ಣಿನ ಎಳೆತ ಹೆಚ್ಚಿದರೆ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತದೆ, ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಆ ಚಲನೆ ವಾಲ್ವಿಗೆ ಮುಟ್ಟಿ ನೇಗಿಲು ಕೊಂಚ ಏಳುತ್ತದೆ. ಸ್ಪ್ರಿಂಗ್ ಹಿಂದೆಮುಂದೆ ಸಡಿಲವಾಗಿ ಆಡುತ್ತಿದ್ದರೆ ನೇಗಿಲಿನ ಆಳ ಒಂದೇ ಸಮ ನಿಲ್ಲುವುದಿಲ್ಲ, ಅದನ್ನು ಜನ ಸೀಲಿನ ತಪ್ಪೆಂದೇ ತಿಳಿಯುತ್ತಾರೆ. ಕೈಯಿಂದ ತಿರುಗಿಸಲು ಬರಬೇಕು, ಎಳೆದರೆ ಆಟ ಇರಬಾರದು, ಅಷ್ಟು ಬಿಗಿ ಸಾಕು.

ಹೊಸ ಆಯಿಲ್ 30 ಲೀಟರಿನ ಆಸುಪಾಸು ಹಿಡಿಸಿತು. ಹಳೆಯದು ಮಜ್ಜಿಗೆಯಂತೆ ಬೆಳ್ಳಗಾಗಿತ್ತು, ಗೇರ್ ಲಿವರಿನ ಹರಿದ ರಬ್ಬರಿನ ಮೂಲಕ ಮಳೆನೀರು ಇಳಿದದ್ದರ ಫಲ ಅದು. ಆ ರಬ್ಬರನ್ನೂ ಬದಲಿಸಿದೆ. ಮೊದಲ ದಿನ ಆಯಿಲ್ ಚೆನ್ನಾಗಿ ಕಾದ ಮೇಲೆ ಅದೇ ಕಲ್ಟಿವೇಟರನ್ನು ಎತ್ತಿ, ಎಂಜಿನ್ ನಿಲ್ಲಿಸಿ, ತೋಳಿನ ತುದಿಯಿಂದ ನೆಲದವರೆಗಿನ ಅಂತರವನ್ನು ಅಳೆದೆ. ಒಂದು ಗಂಟೆಯಲ್ಲಿ 20 ಮಿ.ಮೀ. ಇಳಿದಿತ್ತು. 40 ಗಂಟೆ ದುಡಿದ ಮೇಲೆ ಮೊನ್ನೆ ಮತ್ತೆ ಅಳೆದಾಗ 25 ಮಿ.ಮೀ. ಬಿಕ್ಕಳಿಕೆ ಪೂರ್ತಿ ನಿಂತಿದೆ. ಉಳಿದ ಈ ಚೂರು ಇಳಿತ ಪಂಪಿನ ವಾಲ್ವುಗಳದ್ದೆಂದು ನನ್ನ ಊಹೆ, ಅಷ್ಟಕ್ಕಾಗಿ ಪಂಪನ್ನು ಬಿಚ್ಚುವ ಉದ್ದೇಶವಿಲ್ಲ.

ಲಿಫ್ಟ್ ಎತ್ತುತ್ತದೆ ಆದರೆ ನಿಲ್ಲಿಸುವುದಿಲ್ಲ ಎನ್ನುವವರು, ಗೇಜಿನಲ್ಲಿ ಒತ್ತಡ ಸರಿಯಾಗಿ ಬರುವುದನ್ನು ನೋಡಿಕೊಂಡವರು, ವರ್ನಿಯರ್ ಇರುವವರು ಈ ಕಿಟ್ ಕೊಳ್ಳಬಹುದು. ನಾನೇ ಇನ್ನೊಮ್ಮೆ ಕೊಳ್ಳುತ್ತೇನೆ, ಬುಷ್‌ಗಳನ್ನು ಅದರ ಜೊತೆಯಲ್ಲೇ ತರಿಸಿಕೊಂಡು. ಲಿಫ್ಟ್ ಏಳುವುದೇ ಇಲ್ಲ ಎನ್ನುವವರಿಗೆ ಇದು ಬೇಡ. ತಯಾರಕರು ಕಳಿಸಿದ ಸರಿಯಾದ ಜೋಡಿ ರಿಂಗುಗಳು ಈಗ ಚೀಲ ಸಮೇತ ಟೂಲ್ ಬಾಕ್ಸಿನಲ್ಲಿವೆ. 3.0ರ ಜೋಡಿಯ ಮೇಲೆ ‘ಬಳಸಬಾರದು’ ಎಂದು ಬರೆದು ಗೋಡೆಯ ಮೊಳೆಗೆ ನೇತುಹಾಕಿದ್ದೇನೆ.